ಭಯೋತ್ಪಾದನೆ: ಶಬ್ದವೂ ಅರ್ಥವೂ

ಭಯ, ಉತ್ಪಾದನೆ, ಗುಣಸಂಧಿಯಿಂದ ಭಯೋತ್ಪಾದನೆ. ಶಬ್ದವನ್ನು ಬಿಡಿಸುವುದು ಸುಲಭ, ಅದರ ಅರ್ಥಕ್ಕೆ ಎಲ್ಲೆ ಕಟ್ಟುವುದು ಕಷ್ಟ. ಹುಲಿಯೂ ಭಯ ಹುಟ್ಟಿಸುತ್ತದೆ, ದಾರಿಗಳ್ಳನೂ ಹುಟ್ಟಿಸುತ್ತಾನೆ. ಆದರೆ ಕಳ್ಳನಿಗೆ ಬೇಕಾದುದು ಗಂಟು. ಅದು ಕೈಸೇರಿದರೆ ಅವನ ಕೆಲಸ ತೀರಿತು. ಭಯೋತ್ಪಾದಕನಿಗೆ ಸತ್ತವನಿಗಿಂತ, ಆ ಸುದ್ದಿ ಕೇಳಿ ನಡುಗುವವನು ಮುಖ್ಯ. ಕೆಲವರನ್ನು ಕೊಂದು, ಹಲವರನ್ನು ಬೆದರಿಸಿ, ಅದರಿಂದ ರಾಜಕೀಯ ಉದ್ದೇಶವನ್ನು ಸಾಧಿಸಹೊರಡುವುದು—ನನಗೆ ಒಪ್ಪಿಗೆಯಾಗುವ ಲಕ್ಷಣ ಇದು.

ಐರೋಪ್ಯ ಭಾಷೆಗಳಲ್ಲಿ ಈ ಮಾತು ಹುಟ್ಟಿದಾಗ ಅದು ಸರ್ಕಾರವನ್ನೇ ಕುರಿತದ್ದಾಗಿತ್ತು. 1793-94ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರವು ಸಾವಿರಾರು ಜನರ ತಲೆ ತೆಗೆಸಿ ಆಳಿತು.

ಪ್ರಜೆಗಳೇ ಈ ದಾರಿ ಹಿಡಿದುದಕ್ಕೆ ರಷ್ಯ ಪ್ರಸಿದ್ಧ ನಿದರ್ಶನ. 1874ರಲ್ಲಿ ಅಲ್ಲಿನ ತರುಣರು ರೈತರನ್ನು ಎಚ್ಚರಿಸಲೆಂದು ಹಳ್ಳಿಗಳಿಗೆ ನಡೆದರು. ರೈತರು ಕಿವಿಗೊಡಲಿಲ್ಲ, ಪೋಲೀಸರು ನೂರಾರು ಮಂದಿಯನ್ನು ಸೆರೆಹಿಡಿದರು. ಬಹಿರಂಗವಾಗಿ ಮಾತನಾಡಲು ಪತ್ರಿಕೆಯಿಲ್ಲ, ಶಾಸನಸಭೆಯಿಲ್ಲ. ಈ ನಿರಾಶೆಯಿಂದ 1879ರಲ್ಲಿ 'ನರೋದ್ನಾಯ ವೋಲ್ಯ' ಎಂಬ ಗುಪ್ತಸಂಘ ಹುಟ್ಟಿತು. 1881ರ ಮಾರ್ಚ್ 13ರಂದು ಅದರ ಬಾಂಬಿಗೆ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಬಲಿಯಾದನು. 1861ರಲ್ಲಿ ಜೀತದಾಳುಗಳನ್ನು ಬಿಡುಗಡೆಗೊಳಿಸಿದವನು ಆತನೇ. ಸತ್ತ ದಿನದ ಬೆಳಗ್ಗೆಯೇ ಅವನು ಒಪ್ಪಿದ್ದ ಸುಧಾರಣೆಯ ಯೋಜನೆಯನ್ನು ಮಗ ಮೂಲೆಗೆ ತಳ್ಳಿದನು. ಬೇಡಿದ್ದು ಸ್ವಾತಂತ್ರ್ಯ, ದೊರೆತದ್ದು ಇನ್ನೂ ಬಿಗಿಯಾದ ಆಡಳಿತ.

ಅದೇ ವರ್ಷ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಕೊಲೆಯಾದಾಗ ಇದೇ ಸಂಘ ಅದನ್ನು ಖಂಡಿಸಿತೆಂದರೆ ಆಶ್ಚರ್ಯವಾದೀತು. ಜನರು ತಮ್ಮ ಆಳುವವರನ್ನು ತಾವೇ ಆರಿಸಿಕೊಳ್ಳುವ ನಾಡಿನಲ್ಲಿ ಇಂಥ ಕೊಲೆಗೆ ಎಡೆಯಿಲ್ಲವೆಂಬುದು ಅವರ ವಾದ.

1905ರಲ್ಲಿ ಮಾಸ್ಕೋದಲ್ಲಿ ಕಲ್ಯಾಯೆವ್ ಎಂಬ ತರುಣನು ಗ್ರಾಂಡ್ ಡ್ಯೂಕ್ ಸರ್ಗೇಯ್‌ನ ಗಾಡಿಯತ್ತ ಬಾಂಬು ಹಿಡಿದು ಓಡಿದನು. ಒಳಗೆ ಡ್ಯೂಕನ ಹೆಂಡತಿಯೂ ಇಬ್ಬರು ಎಳೆಯರೂ ಕುಳಿತಿದ್ದರು. ಎತ್ತಿದ ಕೈ ಇಳಿಯಿತು. ಎರಡು ದಿನಗಳ ಮೇಲೆ ಡ್ಯೂಕ್ ಒಬ್ಬನೇ ಬಂದಾಗ ಕೊಂದನು. ಗಾಯಗೊಂಡ ಗಾಡಿಯವನೂ ಬದುಕಲಿಲ್ಲ. ಕಲ್ಯಾಯೆವನ ಧರ್ಮಸಂಕಟವನ್ನು ಕುರಿತು ನಾಟಕವೇ ಹುಟ್ಟಿದೆ. ಆ ಗಾಡಿಯವನನ್ನು ನೆನೆಯುವವರು ಯಾರು? ಮುಂದಿನವರಾದರೋ ಎಳೆಯರನ್ನು ಕಂಡು ಕೈ ತಡೆಯುವುದನ್ನೂ ಬಿಟ್ಟರು. ಸಂತೆ, ರೈಲು, ಬಸ್ಸುಗಳೇ ಗುರಿಯಾದವು.

ಕಾನೂನು ಇನ್ನೂ ಲಕ್ಷಣವನ್ನು ಹುಡುಕುತ್ತಲೇ ಇದೆ. 1937ರ ರಾಷ್ಟ್ರಸಂಘದ ಒಪ್ಪಂದವನ್ನು ಅಂತಿಮವಾಗಿ ಅಂಗೀಕರಿಸಿದ್ದು ಭಾರತವೊಂದೇ. ಅದು ಜಾರಿಗೆ ಬರಲೇ ಇಲ್ಲ. 1996ರಲ್ಲಿ ಭಾರತವೇ ವಿಶ್ವಸಂಸ್ಥೆಯ ಮುಂದೆ ಹೊಸ ಕರಡನ್ನಿಟ್ಟಿತು. ವಿಮೋಚನೆಗಾಗಿ ಹೋರಾಡುವವರೂ ಸರ್ಕಾರದ ಸೇನೆಗಳೂ ಆ ಲಕ್ಷಣದೊಳಗೆ ಬರಬೇಕೇ ಎಂಬಲ್ಲಿ ಚರ್ಚೆ ನಿಂತಿದೆ.