ಸೂಜಿಯ ಜೊತೆಗಿದ್ದ ಬೆಂಕಿ

ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಯುಯೆಶಿಯು ಎಂಬ ಗುಡ್ಡವಿದೆ. ಅದರ ಬುಡದಲ್ಲಿ ಸಾನ್‌ಯುವಾನ್ ಎಂಬ ದಾವೊ ಪಂಥದ ಹಳೆಯ ದೇವಾಲಯ. ಅಲ್ಲಿ ಒಬ್ಬ ವೈದ್ಯೆಗೂ ಗುಡಿಯಿದೆ, ಆಕೆಯ ಹೆಸರಿನದೇ ಒಂದು ಬಾವಿಯಿದೆ. ಆಕೆ ಬಾವ್ ಗು. ನಾಲ್ಕನೆಯ ಶತಮಾನದವಳು. ಒಣಗಿದ ಎಲೆಗೆ ಕಿಡಿ ತಾಗಿಸಿ, ಅದರ ಕಾವಿನಿಂದ ರೋಗ ವಾಸಿ ಮಾಡುತ್ತಿದ್ದಳು ಎಂದು ಊರು ಇಂದಿಗೂ ನೆನೆಯುತ್ತದೆ.

ಆಕೆಯ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಯೊಂದಿದೆ. ಹೊಳೆಯ ದಂಡೆಯಲ್ಲಿ ಹುಡುಗಿಯೊಬ್ಬಳು ನೀರಲ್ಲಿ ತನ್ನ ಮುಖ ನೋಡಿಕೊಂಡು ಅಳುತ್ತಿದ್ದಳಂತೆ. ಮುಖದ ತುಂಬ ನರಹುಲಿ. ಬಾವ್ ಗು ಅವಳ ಪಕ್ಕ ಕೂತು, ಚೀಲದಿಂದ ಒಣಗಿದ ಎಲೆಯ ಹತ್ತಿಯಂಥ ನವಿರು ತೆಗೆದು, ಹೊಸೆದು, ಕಿಡಿ ಹಚ್ಚಿ, ಒಂದೊಂದೇ ಗಂಟಿಗೆ ಕಾವು ಕೊಟ್ಟಳು. ಕೆಲವು ದಿನಗಳಲ್ಲಿ ಅವು ಒಣಗಿ ಉದುರಿದವು. ಆ ಎಲೆ ಅದೇ ಗುಡ್ಡದಲ್ಲಿ ಬೆಳೆಯುತ್ತಿದ್ದ ಕೆಂಪು ಕಾಂಡದ ಗಿಡದ್ದು. ಜನ ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು.

ಆಕೆಯ ಗಂಡ ಗೆ ಹೊಂಗ್ ಹೆಸರಾಂತ ಪಂಡಿತ, ವೈದ್ಯ. ತುರ್ತು ಚಿಕಿತ್ಸೆಯ ಕೈಪಿಡಿಯೊಂದನ್ನು ಬರೆದವನು. ಆ ಕೈಪಿಡಿಯಲ್ಲಿ ಚಳಿಜ್ವರಕ್ಕೆ ಹೇಳಿದ್ದ ಸೊಪ್ಪಿನ ರಸದ ವಿಧಾನವನ್ನು ಓದಿದ ಚೀನಾದ ವಿಜ್ಞಾನಿ ತು ಯೂಯೂ, ಆ ಸೊಪ್ಪಿನ ಸಾರವನ್ನು ಕುದಿಸದೆ ತೆಗೆಯುವ ದಾರಿ ಹುಡುಕಿದರು. ಮಲೇರಿಯಾದ ಔಷಧ ಆರ್ಟಿಮಿಸಿನಿನ್ ದೊರಕಿದ್ದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಕೈಪಿಡಿಯಲ್ಲಿ ಎಲೆ ಸುಟ್ಟು ಕಾವು ಕೊಡುವ ಚಿಕಿತ್ಸೆಗಳೂ ಹೇರಳವಾಗಿವೆ. ಅವುಗಳ ಹಿಂದೆ ಹೆಂಡತಿಯ ಅನುಭವವಿದೆ ಎಂದು ಚೀನಾದಲ್ಲಿ ಬಲವಾಗಿ ನಂಬುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಬಾವ್ ಗು ಬರೆದ ಪುಸ್ತಕ ಒಂದೂ ಉಳಿದಿಲ್ಲ.

ಆಕೆಯ ವಿದ್ಯೆಯ ಪಾಡೂ ಇದೇ. ನಾವೆಲ್ಲ ಆಕ್ಯುಪಂಕ್ಚರ್ ಎಂದು ಕರೆಯುವುದಕ್ಕೆ ಚೀನೀ ಭಾಷೆಯಲ್ಲಿ ‘ಜೆನ್‌ಜಿಯು’ ಎಂದು ಹೆಸರು. ‘ಜೆನ್’ ಎಂದರೆ ಸೂಜಿ, ‘ಜಿಯು’ ಎಂದರೆ ಈ ಕಾವು. ಹೊರಜಗತ್ತು ಸೂಜಿಯನ್ನು ಹಿಡಿದುಕೊಂಡು ಬೆಂಕಿಯನ್ನು ಅಲ್ಲೇ ಬಿಟ್ಟಿತು. ‘ಜಿಯು’ ಅಕ್ಷರವನ್ನು ಬಿಡಿಸಿ ನೋಡಿದರೆ ಮೇಲೆ ‘ಬಹಳ ಹೊತ್ತು’ ಎಂಬ ಅಕ್ಷರ, ಕೆಳಗೆ ‘ಬೆಂಕಿ’. ಇಂಗ್ಲಿಷಿನ ಮಾಕ್ಸಿಬಸ್ಚನ್ ಎಂಬ ಪದ ಹುಟ್ಟಿದ್ದು ಈ ಎಲೆಯ ಹತ್ತಿಗೆ ಜಪಾನೀಯರು ಹೇಳುವ ‘ಮೊಗುಸ’ ಎಂಬ ಹೆಸರಿನಿಂದ.

ಇತಿಹಾಸ ಉದ್ದವಾಗಿದೆ, ಎರಡೇ ಮಾತು ಹೇಳುತ್ತೇನೆ. ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ತೆರೆದರು. ಅಲ್ಲಿ ಸಿಕ್ಕ ರೇಷ್ಮೆ ಹಾಳೆಗಳಲ್ಲಿ ದೇಹದ ನಾಡಿಗಳಿಗೆ ಕಾವು ಕೊಡುವ ವಿಚಾರವಿದೆ, ಸೂಜಿಯ ಮಾತಿಲ್ಲ. 2010ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೂಜಿ, ಕಾವು ಎರಡನ್ನೂ ಒಟ್ಟಿಗೆ ಸೇರಿಸಿತು.

ಗಿಡದ ಹೆಸರು ‘ಐ’. ನಮ್ಮ ದವನ, ಮಾಚಿಪತ್ರೆಗಳ ಬಳಗದ್ದು. ಹುಬೇ ಪ್ರಾಂತದ ಚಿಚುನ್‌ನದು ಅತಿ ಹೆಸರುವಾಸಿ. ಚೀನಾದ ಔಷಧಕೋಶ ಬರೆದ ಲಿ ಶಿಝೆನ್ ಅದೇ ಊರಿನವನು. ಅಲ್ಲಿ ಐದನೆಯ ಚಾಂದ್ರಮಾಸದ ಐದನೆಯ ದಿನದ ಹಬ್ಬಕ್ಕೆ ನಾವು ಮಾವಿನ ತೋರಣ ಕಟ್ಟುವ ಹಾಗೆ ಈ ಗಿಡವನ್ನು ಬಾಗಿಲಿಗೆ ಸಿಕ್ಕಿಸುತ್ತಾರೆ. ಕೊಯ್ಲೂ ಆ ದಿನಗಳಲ್ಲೇ. ಎಲೆಯನ್ನು ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ, ಮೂರು ವರ್ಷದ್ದಾದರೆ ಒಳ್ಳೆಯದು. ಎಣ್ಣೆಯ ಅಂಶ ಕಡಿಮೆಯಾಗಿ ಉರಿ ಮೆದುವಾಗುತ್ತದೆ. ಆಮೇಲೆ ಕುಟ್ಟುವುದು, ಜರಡಿ ಹಿಡಿಯುವುದು, ಮತ್ತೆ ಕುಟ್ಟುವುದು. ಎಲೆಯ ಹಸಿರು ಪುಡಿಯಾಗಿ ಉದುರಿಹೋಗುತ್ತದೆ, ಎಲೆಯ ಅಡಿಯ ಬಿಳಿ ನವಿರು ಮಾತ್ರ ಹತ್ತಿಯಂತೆ ಉಳಿಯುತ್ತದೆ. ಕುಟ್ಟಿದಷ್ಟೂ ಅದಕ್ಕೆ ಹೊಂಬಣ್ಣ. ಜ್ವಾಲೆಯೇಳದೆ, ಊದುಬತ್ತಿಯ ಹಾಗೆ ಕೆಂಡವಾಗಿ ಉರಿಯುವ ಗುಣ ಆ ನವಿರಿನದು.

ಅದನ್ನು ಗೋಧಿಕಾಳಿನಷ್ಟು ಹೊಸೆದು ಚರ್ಮದ ಮೇಲೇ ಇಟ್ಟು ಸುಡುವುದು ಹಳೆಯ ಪದ್ಧತಿ. ಅದರ ನೋವು ಎಂಥದ್ದೆಂದು ತಿಳಿಯಬೇಕಾದರೆ ಸೋಂಗ್ ರಾಜವಂಶದ ಕಾಲದ ಕಲಾವಿದ ಲಿ ತಾಂಗ್‌ನದೆಂದು ಹೇಳುವ ಚಿತ್ರವೊಂದನ್ನು ನೋಡಬೇಕು. ಅದೀಗ ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿದೆ. ಮರದಡಿ ಹಳ್ಳಿಯ ವೈದ್ಯ ರೋಗಿಯ ಬರಿಬೆನ್ನಿಗೆ ಬಾಗಿದ್ದಾನೆ. ಮನೆಯವರು ರೋಗಿಯ ತೋಳು ಹಿಡಿದಿದ್ದಾರೆ. ಅವನ ಬಾಯಿ ಪೂರಾ ತೆರೆದಿದೆ, ಕಣ್ಣು ಹೊರಬಂದಿವೆ. ವೈದ್ಯನ ಹಿಂದೆ ಹುಡುಗನೊಬ್ಬ ಪಟ್ಟಿಯ ಮದ್ದಿಗೆ ಬಾಯಲ್ಲಿ ಊದುತ್ತ ನಿಂತಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಬರೆ ಹಾಕಿಸಿಕೊಂಡವರನ್ನು ಕಂಡವರಿಗೆ ಆ ಮುಖ ಹೊಸದಲ್ಲ. 

ಇಂದಿನ ಪದ್ಧತಿ ಮೆದು. ಕಾಗದದಲ್ಲಿ ಸುತ್ತಿದ ಬೆರಳಿನ ಗಾತ್ರದ ಬತ್ತಿಯನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿಯುತ್ತಾರೆ. ಶುಂಠಿಯ ಬಿಲ್ಲೆಗೆ ಸೂಜಿಯಿಂದ ತೂತು ಮಾಡಿ ಅದರ ಮೇಲೆ ಕಿಡಿ ಇಡುತ್ತಾರೆ. ಹೊಕ್ಕುಳಿಗೆ ಉಪ್ಪು ತುಂಬಿ ಅದರ ಮೇಲೂ ಇಡುವುದುಂಟು. ಹೊಟ್ಟೆನೋವಿಗೆ ನಮ್ಮಜ್ಜಿ ಕಾಸಿ ಒತ್ತುತ್ತಿದ್ದ ಉಪ್ಪಿನ ಗಂಟು ನನಗೆ ನೆನಪಾಗುವುದು ಇಲ್ಲಿಯೇ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಣ್ಣ ಸಂಗತಿ. ರೋಗಿ ಮಗುವಾಗಿದ್ದರೆ, ಅಥವಾ ಚರ್ಮ ಜೋಮು ಹಿಡಿದಿದ್ದರೆ, ವೈದ್ಯರು ತಮ್ಮ ಎರಡು ಬೆರಳನ್ನು ಆ ಜಾಗದ ಅಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಕಾವು ಹೆಚ್ಚಾದರೆ ಮೊದಲು ತಿಳಿಯುವುದು ಅವರ ಬೆರಳಿಗೆ.

ಗುಣವಾಗುತ್ತದೆಯೇ? ಗರ್ಭದಲ್ಲಿ ತಲೆ ಮೇಲಾಗಿದ್ದ ಮಗುವನ್ನು ತಿರುಗಿಸಲು ತಾಯಿಯ ಕಾಲಿನ ಕಿರುಬೆರಳ ಉಗುರಿನ ಪಕ್ಕ ಕಾವು ಕೊಟ್ಟು ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಜಿಯಾಂಗ್‌ಶಿ ಪ್ರಾಂತದ 260 ಚೊಚ್ಚಲ ಗರ್ಭಿಣಿಯರು ಅದರಲ್ಲಿದ್ದರು. 35ನೇ ವಾರಕ್ಕೆ ಕಾವು ಪಡೆದ 130 ಮಂದಿಯಲ್ಲಿ 98 ಜನರ ಮಗು ತಿರುಗಿತ್ತು, ಪಡೆಯದ 130ರಲ್ಲಿ 62. ನಂತರದ ಅಧ್ಯಯನಗಳೆಲ್ಲ ಇಷ್ಟು ಚೆನ್ನಾಗಿ ಬರಲಿಲ್ಲ. ಇತರ ಕಾಯಿಲೆಗಳಿಗೆ ಪುರಾವೆ ಇನ್ನೂ ತೆಳು. ಕಲಿತವರ ಕೈಯಲ್ಲೇ ಆಗಬೇಕಾದ ಕೆಲಸ ಇದು. ಇದನ್ನು ಓದಿದವರು ಮನೆಯಲ್ಲಿ ಮಾಡಿ ನೋಡಬಾರದು.

ಹೊಗೆಯೇ ಈಗ ಇದರ ಶತ್ರು. ಮುಚ್ಚಿದ ಕೋಣೆಯ ಆಸ್ಪತ್ರೆಗಳಿಗೆ ಅದು ಆಗದು. ಹಾಗಾಗಿ ಹೊಗೆಯಿಲ್ಲದ ಇದ್ದಿಲ ಬತ್ತಿ, ವಿದ್ಯುತ್ತಿನಿಂದ ಬಿಸಿಯಾಗುವ ಉಪಕರಣ, ಅಂಟಿಸಿಕೊಳ್ಳುವ ಪಟ್ಟಿ ಬಂದಿವೆ. ಅವು ಅನುಕೂಲ, ನಿಜ. ಪಕ್ಕದಲ್ಲಿ ಕೂರುವ ವೈದ್ಯರಾಗಲಿ, ಕಾವು ಅಳೆಯುವ ಆ ಎರಡು ಬೆರಳಾಗಲಿ ಅವಕ್ಕೆ ಬೇಕಿಲ್ಲ. ನನಗೆ ಬೇಸರವಾಗುವುದು ಅದಕ್ಕೇ.

ಈ ಸಲ ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಪತ್ರೆ ತಂದಾಗ ಮಾಚಿಪತ್ರೆಯನ್ನು ಮಗುಚಿ ನೋಡಿ. ಅಡಿಯಲ್ಲಿ ಬೂದಿಬಿಳುಪಿನ ನವಿರು ಕಾಣುತ್ತದೆ. ಬಾವ್ ಗು ಹೊಸೆಯುತ್ತಿದ್ದುದು ಇಂಥದ್ದನ್ನೇ.