ಲಾರಿ ಏರಿದ ಇರುವೆಗಳು

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಡಿಗಡ್ಡ ಸೀಮೆಯ ಕೆ.ಟಿ. ದೊಡ್ಡಿಯಂಥ ಊರಿನಲ್ಲಿ ಅಡುಗೆಮನೆ, ಮಂಚ ಕಟ್ಟಿಕೊಂಡ ಪ್ರವಾಸಿ ವಾಹನ ಕಾಣಸಿಗುವುದು ಅಪರೂಪ. ಆದರೆ ಹತ್ತಿ ಹೇರಿಕೊಂಡು ರಾಯಚೂರಿನ ಕಡೆಗೆ ಹೊರಡುವ ಲಾರಿಯ ಕ್ಯಾಬಿನ್ನು ಡ್ರೈವರಿಗೂ ಕ್ಲೀನರಿಗೂ ಮನೆಯೇ ಆಗಿರುತ್ತದೆ. ಸೀಟಿನ ಹಿಂದೆ ಹಾಸಿಗೆ, ಅದರ ಕೆಳಗೆ ಸಕ್ಕರೆ ಡಬ್ಬಿ, ಬುತ್ತಿಯ ಗಂಟು ಇರುವಲ್ಲಿಗೆ ಇರುವೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಹೀಗೆ ಬರುವ ಇರುವೆಗಳಲ್ಲಿ ಎರಡು ಬಗೆ. ನೆಲದ ಗೂಡಿನಿಂದ ಟೈರು ಹತ್ತಿಯೋ, ಕ್ಯಾಬಿನ್ನಿಗೆ ತಾಗಿದ ಬೇವಿನ ಕೊಂಬೆ ಹಿಡಿದೋ ಬರುವವು ಮೊದಲನೆಯವು; ಗಾಡಿ ಜಾಗ ಬದಲಿಸಿದರೆ ಅವುಗಳ ದಾರಿ ತುಂಡಾಗುತ್ತದೆ. ಕಷ್ಟ ಕೊಡುವುದು ಗಾಡಿಯೊಳಗೇ ಗೂಡು ಹೂಡುವ ಬಗೆ. ಸುಮಾರು 2 ಮಿಲಿಮೀಟರ್ ಉದ್ದದ ಹಳದಿ ಬಣ್ಣದ ಫೆರೋ ಇರುವೆ, ಕಪ್ಪು ತಲೆಯ ನಸುಬಿಳಿ ಒಡಲಿನ ಭೂತ ಇರುವೆ ಇದಕ್ಕೆ ಸೇರಿದವು. ಬಾಗಿಲಿನ ರಬ್ಬರಿನ ಹಿಂದಿನ ಸಂದೂ ಇವುಗಳಿಗೆ ಸಾಕಷ್ಟು ವಿಶಾಲ. ಮದರಾಸಿನಲ್ಲಿ ಸೇನಾ ವೈದ್ಯನಾಗಿದ್ದ ಜೆರ್ಡನ್ 1851ರಲ್ಲಿ ವರ್ಣಿಸಿದ ಇನ್ನೊಂದು ಪ್ರಭೇದಕ್ಕೆ ಡಿಸ್ಟ್ರಕ್ಟರ್, ಅಂದರೆ ನಾಶಕ, ಎಂದೇ ಹೆಸರು. ಅದು ವಿದ್ಯುತ್ ತಂತಿಯ ಹೊದಿಕೆಯನ್ನೂ ಕಡಿಯುವುದರಿಂದ ವಾಹನದ ಮಟ್ಟಿಗೆ ಆ ಹೆಸರು ಅತಿಶಯವೇನಲ್ಲ.

ಫೆರೋ ಇರುವೆಯ ಗೂಡಿನಲ್ಲಿ ರಾಣಿಯರು ಹಲವರು. ಅವರು ಹಾರಿಹೋಗಿ ಕೂಡುವುದಿಲ್ಲ. ಗೂಡಿನೊಳಗೇ ಕೂಡುತ್ತಾರೆ, ಒಂದಷ್ಟು ಕೆಲಸಗಾರ ಇರುವೆಗಳು ಮರಿಗಳನ್ನು ಹೊತ್ತು ಪಕ್ಕದ ಬಿರುಕಿಗೆ ಸರಿದರೆ ಹೊಸ ಸಂಸಾರ ಶುರುವಾಗುತ್ತದೆ. ಹೀಗೆ ಪಕ್ಕಕ್ಕಷ್ಟೇ ಕವಲೊಡೆಯುವ ಜೀವಿ ಭೂಮಿಯ ಬಹುಭಾಗವನ್ನು ತಲುಪಿದ್ದು ಮನುಷ್ಯನ ಸರಕಿನ ಜೊತೆಗೆ. ಕ್ಯಾಬಿನ್ನಿಗೆ ಘಾಟು ಔಷಧ ಹೊಡೆದಾಗ ಆಗುವುದೂ ಇದೇ ಕವಲು: ಹೊರಗೆ ಓಡಾಡುತ್ತಿದ್ದ ಕೆಲವು ಸಾಯುತ್ತವೆ, ಒಳಗಿನ ಸಮುದಾಯ ಬೆದರಿ ಹಲವು ತುಂಡಾಗಿ ಹಾಸಿಗೆಯ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಬೇರೆ ಬೇರೆ ಬಿಡಾರ ಹೂಡುತ್ತದೆ.

ಇರುವೆಯನ್ನು ಗೆಲ್ಲುವ ದಾರಿ ಅದರ ಊಟದ ಪದ್ಧತಿಯಲ್ಲೇ ಇದೆ. ಬೆಳೆದ ಇರುವೆ ಗಟ್ಟಿ ಆಹಾರವನ್ನು ನುಂಗಲಾರದು. ಹೀರಿದ ದ್ರವದ ಒಂದು ಪಾಲನ್ನು ಅದು ಸಮುದಾಯ ಜಠರ ಎನ್ನಬಹುದಾದ ಚೀಲದಲ್ಲಿ ತುಂಬಿಕೊಂಡು ಬಂದು, ಬಾಯಿಂದ ಬಾಯಿಗೆ ಹಂಚುತ್ತದೆ. ಆ ತುತ್ತು ಕೈದಾಟಿ ರಾಣಿಯವರೆಗೂ ಹೋಗುತ್ತದೆ. ಆದ್ದರಿಂದ ವಿಷ ಮೆಲ್ಲಗೆ ಕೆಲಸ ಮಾಡಬೇಕು. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, ಕೇವಲ 1 ಗ್ರಾಂ ಬೋರಿಕ್ ಪುಡಿ ಬೆರೆಸಿ ಅದರಲ್ಲಿ ಹತ್ತಿಯನ್ನು ನೆನೆಸಿಡುವುದು ಪರೀಕ್ಷಿತ ವಿಧಾನ. ಕೇರಂ ಹಲಗೆಯ ಮೇಲೆ ಉದುರಿಸುವುದೂ ಸಾಮಾನ್ಯವಾಗಿ ಇದೇ ಪುಡಿ. ಪ್ರಮಾಣ ಹೆಚ್ಚಿಸಿದರೆ ಇರುವೆ ತುತ್ತು ಹಂಚುವ ಮೊದಲೇ ಸಾಯುತ್ತದೆ, ಇಲ್ಲವೇ ಮೂಸಿ ಬಿಡುತ್ತದೆ. ಮನುಷ್ಯರಿಗೂ ಇದು ವಿಷವೇ ಆದ್ದರಿಂದ ಬುತ್ತಿಯಿಂದ, ಮಕ್ಕಳ ಕೈಯಿಂದ ದೂರವಿರಬೇಕು. ಸಿಹಿಗೆ ಬಾರದ ಗೂಡಿಗೆ ಅರೆದ ಶೇಂಗಾದಂಥ ಎಣ್ಣೆಯಂಶದ ಆಮಿಷ ಹಿಡಿಸಬಹುದು.

ದಾರಿ ತೋರಲು ಇರುವೆಗಳು ಜಾಡುಗಂಧವನ್ನು ಬಿಡುತ್ತವೆ. ಫೆರೋ ಇರುವೆ ಊಟವಿಲ್ಲದ ಕವಲಿನಲ್ಲಿ ‘ಇತ್ತ ಬೇಡ’ ಎಂಬ ಗುರುತನ್ನೂ ಹಾಕುತ್ತದೆಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾಗಿ ಆಮಿಷ ಇಟ್ಟಿರುವಷ್ಟು ದಿನ ಸೋಪಿನ ನೀರಿನಿಂದ ಸಾಲನ್ನು ಒರೆಸುವುದು ಕೆಲಸ ಕೆಡಿಸಿದಂತೆ. ಸಾಲು ತೆಳುವಾಗಿ ನಿಂತುಹೋಗಲು ವಾರಗಳೇ ಹಿಡಿಯಬಹುದು. ಒರೆಸುವುದು, ಬಾಗಿಲಿನ ಹರಿದ ರಬ್ಬರನ್ನು ಬದಲಿಸುವುದು, ಸಕ್ಕರೆಗೆ ತಿರುಗಣೆ ಮುಚ್ಚಳದ ಡಬ್ಬಿ ತರುವುದು ಎಲ್ಲವೂ ಆಮೇಲಿನ ಮಾತು.