ಜೆ.ಸಿ. ರಸ್ತೆಯಲ್ಲಿ ಕಾರುಗಳ ಮುಖ ನೋಡುತ್ತ

ಬೆಂಗಳೂರಿನ ಮಿನರ್ವ ವೃತ್ತದಿಂದ ಟೌನ್‌ಹಾಲ್ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆದರೆ ಸೀಟ್ ಕವರ್, ಹಾರ್ನ್, ಗಾಜು, ಬಂಪರ್ ಮಾರುವ ಅಂಗಡಿಗಳದೇ ಸಾಲು. ಆಸುಪಾಸಿನ ಗಲ್ಲಿಗಳ ಗ್ಯಾರೇಜುಗಳಲ್ಲಿ ಈಗಲೂ ಹಳೆಯ ಕಾರುಗಳು ಕಣ್ಣಿಗೆ ಬೀಳುತ್ತವೆ.

ಟಿಂಕರಿಂಗ್ ಮುಗಿದು ಬಣ್ಣಕ್ಕೆ ಕಾದಿದ್ದ ಅಂಬಾಸಿಡರ್ ಒಂದರ ಮುಂದೆ ನಿಂತೆ. ದುಂಡು ದೀಪಗಳು, ತುಂಬಿಕೊಂಡ ಮಡ್‌ಗಾರ್ಡ್, ಗುಂಡಗಿನ ಡಿಕ್ಕಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ ಮಾದರಿಯ ಈ ಕಾರು ಬಂಗಾಳದ ಉತ್ತರಪಾರದಲ್ಲಿ 2014ರವರೆಗೂ ತಯಾರಾಯಿತು. ಪಕ್ಕದ ಪದ್ಮಿನಿ ಕಾರಿನದು ಇಟಲಿಯ ಫಿಯಟ್ 1100ರ ಮೈಕಟ್ಟು, ಹಿಂಬದಿಗೆ ಚಿಕ್ಕ ರೆಕ್ಕೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ರೂಪ ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿಯದು. ಅದರ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತಿತ್ತು. ಮೂರೂ ಎರವಲು ರೂಪಗಳೇ. ಆದರೂ ಬೀದಿಯ ತುದಿಯಲ್ಲಿ ಕಂಡೊಡನೆ ಮಕ್ಕಳು ಹೆಸರು ಹೇಳಿಬಿಡುತ್ತಿದ್ದರು.

ಮುಖ್ಯರಸ್ತೆಗೆ ಮರಳಿದರೆ ಸಿಗ್ನಲ್‌ನಲ್ಲಿ ಬಿಳಿ, ಬೂದು ಎಸ್‌ಯುವಿಗಳು. ಎತ್ತರದ ಮೂತಿ, ಗೆರೆಯಷ್ಟು ತೆಳುವಾದ ಎಲ್‌ಇಡಿ ದೀಪ, ಕಿರಿದಾದ ಕಿಟಕಿ, ತಟ್ಟನೆ ಮುಗಿಯುವ ಹಿಂಭಾಗ. ಲಾಂಛನ ಮುಚ್ಚಿದರೆ ಯಾವುದು ಯಾರದೆಂದು ಹೇಳುವುದು ಕಷ್ಟ. 2006ರ ಬಜೆಟ್ ನಾಲ್ಕು ಮೀಟರ್ ಒಳಗಿನ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿತು; ಕಂಪನಿಗಳು ಅದೇ ಅಳತೆಗೆ ಕಾರು ಹೊಂದಿಸತೊಡಗಿದವು. ಗಾಳಿಯ ತಡೆ ತಗ್ಗಿಸಿ ಇಂಧನ ಉಳಿಸುವ ಲೆಕ್ಕವೂ ಎಲ್ಲರಿಗೂ ಒಂದೇ. ಖರ್ಚು ಉಳಿಸಲು ಕಾರನ್ನೇ ಹಂಚಿಕೊಳ್ಳುವುದೂ ಉಂಟು: ಮಾರುತಿಯ ಬಲೆನೊ 2019ರಿಂದ ಟೊಯೊಟಾದ ಗ್ಲಾಂಜಾ ಆಗಿಯೂ ಮಾರಾಟವಾಗುತ್ತಿದೆ.

ಸುರಕ್ಷತೆಯ ನಿಯಮಗಳನ್ನು ಮಾತ್ರ ನಾನು ದೂರಲಾರೆ. ಹಳೆಯ ಕಾರಿನ ಗಟ್ಟಿ ಸ್ಟೀರಿಂಗ್ ದಂಡ ಡಿಕ್ಕಿಯಾದಾಗ ಚಾಲಕನ ಎದೆಗೇ ನುಗ್ಗಬಹುದಿತ್ತು. ಇಂದಿನ ಬಾನೆಟ್ ಎತ್ತರವಾಗಿರುವುದಕ್ಕೆ ಒಂದು ಕಾರಣ, ಪಾದಚಾರಿಯ ತಲೆ ಬಡಿದರೆ ತಗಡು ತಗ್ಗಲೆಂದು ಎಂಜಿನ್ ಮೇಲೆ ಬಿಟ್ಟಿರುವ ಜಾಗ. ಆ ಜಾಗ ಜೀವ ಉಳಿಸುತ್ತದೆ.

ಆದರೆ ನಿಯಮಗಳಿಂದಲೇ ಎಲ್ಲ ಮುಖಗಳೂ ಒಂದಾದವು ಎಂಬ ಸಬೂಬನ್ನು ಒಪ್ಪಲಾರೆ. ಸಿಗ್ನಲ್‌ನ ಅದೇ ಸಾಲಿನಲ್ಲಿದ್ದ ಮಹೀಂದ್ರ ಥಾರ್ ಅದಕ್ಕೆ ಉತ್ತರ. ವಿಲ್ಲಿಸ್ ಜೀಪಿನ ವಂಶದ ದುಂಡು ದೀಪ, ನೆಟ್ಟಗಿನ ಗಾಜು. ಮೂರು ಬಾಗಿಲಿನ ಈ ಗಾಡಿಯ ಉದ್ದವೂ ನಾಲ್ಕು ಮೀಟರ್ ಒಳಗೇ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ನಾಲ್ಕು ತಾರೆಗಳನ್ನೂ ಪಡೆಯಿತು. ಅಳತೆ, ಸುರಕ್ಷತೆ ಎರಡನ್ನೂ ಪಾಲಿಸಿಯೂ ಸ್ವಂತ ಮುಖ ಉಳಿಸಿಕೊಳ್ಳಬಹುದು ಎಂದಾಯಿತು. ಹಳೆಯ ಕಾರುಗಳು ಮರಳಿ ಬರಬೇಕಿಲ್ಲ. ದೂರದಿಂದಲೇ ಗುರುತು ಸಿಗುವ ಹೊಸ ಕಾರು ಕೊಡಿ ಎಂದು ಕೊಳ್ಳುವವರು ಕೇಳಬೇಕು.